ಮಗಳನ್ನು ಕರೆತರಲು ಎರಡು ಕಾರ್ಡು

ಸಾಲ ಮಾಡಿಲ್ಲವೆಂಬ ಒಂದೇ ಕಾರಣಕ್ಕೆ ವಿನಿಪೆಗ್‌ನಲ್ಲಿ ನಮಗೆ ಬಾಡಿಗೆ ಮನೆ ಸಿಗಲಿಲ್ಲ. ಕೆನಡಾದ ನಡುಮಧ್ಯದ ಈ ಊರಿಗೆ ಬಂದ ಮೊದಲ ವಾರ ನಾವು ಕಂಡ ಮನೆಯವರೆಲ್ಲ ಕೇಳಿದ್ದು ಒಂದೇ, ನಿಮ್ಮ ಕ್ರೆಡಿಟ್ ಹಿಸ್ಟರಿ ಎಲ್ಲಿ? ಅಂದರೆ ಹಿಂದೆ ಎಷ್ಟು ಸಾಲ ತೆಗೆದಿದ್ದೀರಿ, ಹೇಗೆ ತೀರಿಸಿದಿರಿ ಎಂಬ ಚರಿತ್ರೆ. ನನ್ನ ಗಂಡ ಎದೆಯುಬ್ಬಿಸಿ, ಯಾರ ಹತ್ತಿರವೂ ಒಂದು ಪೈಸೆ ಸಾಲವಿಲ್ಲ ಎಂದರು. ಮನೆಯ ಯಜಮಾನ ಪಾಪದವರನ್ನು ನೋಡುವ ಹಾಗೆ ನೋಡಿ ಬಾಗಿಲು ಹಾಕಿಕೊಂಡ. ನಮ್ಮೂರಲ್ಲಿ ಹೆಣ್ಣು ಕೇಳಲು ಬಂದವರಿಗೆ ಹೇಳಿಕೊಳ್ಳುವ ಮಾತು ಇಲ್ಲಿ ಕಳಂಕವಾಗಿತ್ತು. ಕೊನೆಗೆ ಒಬ್ಬರ ನೆಲಮಾಳಿಗೆಯಲ್ಲಿ, ತಿಂಗಳುಗಟ್ಟಲೆಯ ಬಾಡಿಗೆಯನ್ನು ಮುಂಗಡ ಕೊಟ್ಟು ಸೇರಿಕೊಂಡೆವು.

ಸಾಲದ ಚರಿತ್ರೆ ಬೇಕಲ್ಲ, ಅದಕ್ಕೆ ಬ್ಯಾಂಕಿನವರು ಒಂದು ಉಪಾಯ ಹೇಳಿದರು. ನಮ್ಮದೇ ದುಡ್ಡನ್ನು ಅವರ ಬಳಿ ಇಡುವುದು, ಅಷ್ಟೇ ಮೊತ್ತದ ಕ್ರೆಡಿಟ್ ಕಾರ್ಡು ಪಡೆಯುವುದು, ಅದರಲ್ಲಿ ಹಾಲು ಬ್ರೆಡ್ಡು ತಂದು ತಿಂಗಳ ಕೊನೆಗೆ ತೀರಿಸುವುದು. ನಮ್ಮ ದುಡ್ಡನ್ನು ನಾವೇ ಸಾಲ ತೆಗೆದು ನಾವೇ ತೀರಿಸಿ ಒಳ್ಳೆಯವರೆನ್ನಿಸಿಕೊಳ್ಳಬೇಕು. ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಮಾಡಿದೆವು.

ಹೊಸ ಊರಿಗೆ ಹೊಂದಿಕೊಳ್ಳುವುದು ನನಗೆ ಮೊದಲನೆಯದೇನಲ್ಲ. ಅಂಕೋಲೆಯ ಭಾವಿಕೇರಿಯ ಹುಡುಗಿ ನಾನು, ಕಾರವಾರದ ಹಬ್ಬುವಾಡಕ್ಕೆ ಸೊಸೆಯಾಗಿ ಹೋದಾಗಲೂ ತಿಂಗಳುಗಟ್ಟಲೆ ಬೆಪ್ಪಳಂತೆ ಕೂತಿದ್ದೆ. ಮನೆಯವರೆಲ್ಲ ಕೊಂಕಣಿಯಲ್ಲಿ ನಗುತ್ತಿದ್ದರು, ನಾನು ಒಂದು ಕ್ಷಣ ತಡವಾಗಿ ನಗುತ್ತಿದ್ದೆ. ಆದರೆ ಅಲ್ಲಿ ಬೇಸರವಾದರೆ ಬಸ್ಸು ಹತ್ತಿ ತವರಿಗೆ ಹೋಗಿ ಊಟ ಮಾಡಿ ಸಂಜೆಗೆ ವಾಪಸಾಗಬಹುದಿತ್ತು. ಇಲ್ಲಿ ಬೇಸರವಾದರೆ ಕಿಟಕಿಯ ಹೊರಗೆ ಬೇರೆಯವರ ಬೂಟುಗಳು ಹಿಮ ತುಳಿದು ಹೋಗುವುದನ್ನು ನೋಡಬೇಕು. ನೆಲಮಾಳಿಗೆಯ ಕಿಟಕಿಯಿಂದ ಮನುಷ್ಯರ ಮುಖ ಕಾಣುವುದಿಲ್ಲ.

ಇವರು ಬಸ್ಸು ತಯಾರಿಸುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸಕ್ಕೆ ಸೇರಿದರು. ನಾನು ವಯಸ್ಸಾದವರ ಆರೈಕೆ ಕೇಂದ್ರದಲ್ಲಿ ಸಹಾಯಕಿ. ಒಬ್ಬರದು ಹಗಲು ಪಾಳಿಯಾದರೆ ಇನ್ನೊಬ್ಬರದು ರಾತ್ರಿ ಪಾಳಿ. ಮಗುವನ್ನು ನೋಡಿಕೊಳ್ಳುವವರು ಯಾರು? ಅದಕ್ಕೇ ಮಗಳು ಮಾನಸಿಯನ್ನು ಭಾವಿಕೇರಿಯಲ್ಲಿ ನನ್ನ ಅಕ್ಕನ ಬಳಿ ಬಿಟ್ಟು ಬಂದಿದ್ದೆವು. ಅಕ್ಕನ ಗಂಡುಮಕ್ಕಳಿಬ್ಬರೂ ದುಡಿಯಲು ಗೋವಾ ಸೇರಿದ್ದರು, ಅವಳ ಮನೆಯಲ್ಲಿ ಮಗುವಿಗೆ ಜಾಗವೂ ಇತ್ತು, ಮನಸ್ಸೂ ಇತ್ತು. ಆರು ತಿಂಗಳ ಮಾತು ಎಂದುಕೊಂಡಿದ್ದೆವು. ಅದು ಎರಡು ವರ್ಷಕ್ಕೆ ಬಂತು. ನಾವು ಬಿಟ್ಟು ಬರುವಾಗ ಅಪ್ಪನ ಜೊತೆ ಪಟಪಟನೆ ಕೊಂಕಣಿ ಆಡುತ್ತಿದ್ದ ಹುಡುಗಿ ಈಗ ಫೋನಿನಲ್ಲಿ ಅಪ್ಪ ಕೊಂಕಣಿಯಲ್ಲಿ ಕೇಳಿದ್ದಕ್ಕೆ ಅಪ್ಪಟ ಅಂಕೋಲೆ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ. ಇವರು ಆಗ ಫೋನನ್ನು ನನ್ನ ಕೈಗೆ ಕೊಟ್ಟು ಎದ್ದು ಹೋಗುತ್ತಾರೆ.

ಕಳೆದ ಚಳಿಗಾಲ ಶುರುವಾಗುವ ಹೊತ್ತಿಗೆ ಇಬ್ಬರಿಗೂ ಹಗಲು ಪಾಳಿ ಸಿಕ್ಕಿತು, ಅವಳು ಕೆನಡಾಕ್ಕೆ ಬರುವ ಕಾಗದಪತ್ರವೂ ಮಂಜೂರಾಯಿತು. ಇನ್ನು ನಾನು ಹೋಗಿ ಕರೆದುಕೊಂಡು ಬರಬೇಕು. ನನಗೆ ಹೋಗಿಬರುವ ಟಿಕೀಟು, ಅವಳಿಗೆ ಬರುವ ಟಿಕೀಟು. ಬೆಲೆ ನೋಡಿ ಇವರು ಲ್ಯಾಪ್‌ಟಾಪ್ ಮುಚ್ಚಿದರು.

ಆಗ ದಾರಿ ತೋರಿಸಿದವಳು ಲೂಜ್. ಫಿಲಿಪೀನ್ಸಿನ ಹೆಂಗಸು, ನನ್ನ ಜೊತೆ ಕೆಲಸ ಮಾಡುವವಳು. "ಟಿಕೀಟಿಗೆ ದುಡ್ಡು ಯಾರು ಕೊಡುತ್ತಾರೆ? ವೆಲ್ಕಮ್ ಬೋನಸ್ಸಿನಲ್ಲಿ ಹೋಗು" ಎಂದಳು. ಪ್ರಯಾಣದ ಕ್ರೆಡಿಟ್ ಕಾರ್ಡು ಹೊಸದಾಗಿ ತೆಗೆದುಕೊಂಡು, ಮೊದಲ ಕೆಲವು ತಿಂಗಳಲ್ಲಿ ಅವರು ಹೇಳಿದಷ್ಟು ಖರ್ಚು ಮಾಡಿದರೆ ಬ್ಯಾಂಕಿನವರು ರಾಶಿ ಪಾಯಿಂಟು ಕೊಡುತ್ತಾರೆ. ಆ ಪಾಯಿಂಟಿನಲ್ಲಿ ವಿಮಾನದ ಸೀಟು. ನನಗೆ ನಂಬಿಕೆ ಬರಲಿಲ್ಲ. ಅಂಕೋಲೆ ಪೇಟೆಯಲ್ಲಿ ಬಟ್ಟೆ ಅಂಗಡಿಯವನು ಒಂದು ಕೈಚೀಲ ಪುಕ್ಕಟೆ ಕೊಟ್ಟರೂ, ಸೀರೆಯಲ್ಲಿ ಎಷ್ಟು ಸೇರಿಸಿದನೋ ಎಂದು ಲೆಕ್ಕ ಹಾಕುವ ಜನ ನಾವು.

"ಸೇರಿಸಿಯೇ ಇರುತ್ತಾರೆ" ಎಂದು ಲೂಜ್ ನಕ್ಕಳು. "ಒಂದು ತಿಂಗಳು ಪೂರ್ತಿ ತೀರಿಸದೆ ಉಳಿಸಿಕೋ, ಬಡ್ಡಿಯಲ್ಲಿ ನಿನ್ನ ವಿಮಾನವನ್ನು ಅವರೇ ಹಾರಿಸಿಕೊಂಡು ಹೋಗುತ್ತಾರೆ. ಹೇಗಿದ್ದರೂ ಮಾಡಲೇಬೇಕಾದ ಖರ್ಚು ಮಾತ್ರ ಮಾಡು."

ಊರಿನಿಂದ ಇಂಥ ದೇಶಗಳಿಗೆ ಬರುವವರು ಇದನ್ನು ಗಮನವಿಟ್ಟು ಓದಲಿ. ಎಂಟು ಗಂಟೆ ಮುದುಕರನ್ನು ಎತ್ತಿ ಇಳಿಸಿ ಬಂದವಳು ನಾನು, ಬೆಂಕಿಯ ಮುಂದೆ ನಿಂತು ಬಂದವರು ಇವರು. ಊಟವಾದ ಮೇಲೆ ಇಬ್ಬರೂ ಕೂತು ಕಾರ್ಡುಗಳನ್ನು ಹೋಲಿಸುವುದು. ಬೋನಸ್ಸು ಯಾವುದರಲ್ಲಿ ದೊಡ್ಡದು, ವರ್ಷದ ಶುಲ್ಕ ಮೊದಲ ವರ್ಷ ಬಿಡುತ್ತಾರೋ ಇಲ್ಲವೋ, ಖರ್ಚಿನ ಗಡಿ ನಮ್ಮಿಂದ ಮುಟ್ಟಲಾದೀತೋ. ಓದುತ್ತ ಓದುತ್ತ ಇವರು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಮದುವೆಗೆ ಗಂಡು ನೋಡುವಾಗಲೂ ನಮ್ಮ ಮನೆಯಲ್ಲಿ ಇಷ್ಟು ವಿಚಾರಣೆ ನಡೆದಿರಲಿಲ್ಲ.

ಕೊನೆಗೆ ಎರಡು ಉಳಿದವು. ನೀಲಿ ಬಣ್ಣದ್ದರಲ್ಲಿ ಬೋನಸ್ಸು ದೊಡ್ಡದು, ಆದರೆ ಒಂದೇ ವಿಮಾನ ಕಂಪನಿಗೆ ನಡೆಯುತ್ತದೆ, ಅವರು ಪಾಯಿಂಟಿಗೆಂದು ಬಿಟ್ಟ ಸೀಟು ಇರಬೇಕು. ಕೆಂಪು ಬಣ್ಣದ್ದರಲ್ಲಿ ಬೋನಸ್ಸು ಸಣ್ಣದು, ಆದರೆ ಯಾವ ವಿಮಾನವಾದರೂ ಸರಿ, ಟಿಕೀಟಿನ ಬೆಲೆಯಲ್ಲಿ ಅಷ್ಟು ಕಳೆಯುತ್ತಾರೆ. ಫೆಬ್ರವರಿಯ ಪ್ರಯಾಣಕ್ಕೆ ನೀಲಿಯವರ ಸೀಟುಗಳು ಖಾಲಿ ಕಂಡವು. ನೀಲಿಯನ್ನು ನನ್ನ ಹೆಸರಿಗೆ ತೆಗೆದುಕೊಂಡೆವು. ಹಳೆಯ ಕಾರಿನ ವಿಮೆ, ಚಳಿಗಾಲದ ಟೈರು, ಮಗಳ ಅಳತೆ ಅಂದಾಜು ಮಾಡಿ ತಂದ ದಪ್ಪ ಕೋಟು, ಎಲ್ಲವೂ ಆ ಕಾರ್ಡಿನ ಮೇಲೆ ಹೋಯಿತು. ಗಡಿ ಮುಟ್ಟಿ ಪಾಯಿಂಟು ಬಂದು ಬಿದ್ದ ದಿನ, ಸಾಲದ ಚರಿತ್ರೆಯಿಲ್ಲದೆ ಬಂದ ನಮ್ಮಂಥವರಿಗೂ ಈ ಊರು ಏನೋ ಒಂದು ಕೊಟ್ಟಿತಲ್ಲ ಎಂದು ನಿಜವಾಗಿ ಖುಷಿಯಾಯಿತು. ಅಂದೇ ಫೆಬ್ರವರಿಗೆ ಇಬ್ಬರ ಟಿಕೀಟೂ ತೆಗೆದೆವು. ಕುಚ್ಚಲಕ್ಕಿ ಅನ್ನಕ್ಕೆ ಅಂಗಡಿಯ ಹೆಪ್ಪುಗಟ್ಟಿದ ಬಂಗಡೆ ಮೀನಿನ ಸಾರು ಮಾಡಿ ಉಂಡೆವು. ಆ ಬಂಗಡೆಗೆ ಸಮುದ್ರದ ನೆನಪೇ ಇರಲಿಲ್ಲ, ಆದರೂ ರುಚಿಯಾಗಿತ್ತು.

ಅಕ್ಕನಿಗೆ ಫೋನು ಮಾಡಿ ಹೇಳಿದೆ.

"ಪ್ರಸಾದ ಕೇಳದೇ ಟಿಕೀಟು ತೆಗೆದ್ಯೇನೇ?" ಎಂದಳು.

ನಮ್ಮ ಕಡೆ ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು ಊರ ದೇವಿಯ ಪ್ರಸಾದ ಕೇಳುವುದು ಪದ್ಧತಿ. ಗುನಗರು, ಅಂದರೆ ದೇವಿಯ ಪೂಜೆಯವರು, ಮೂರ್ತಿಗೆ ಹೂವಿನ ಮೊಗ್ಗು ಹಚ್ಚಿ ನಮ್ಮ ಪ್ರಶ್ನೆ ಹೇಳಿ ನಿಲ್ಲುತ್ತಾರೆ. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಮನೆ ಕಟ್ಟಲು ಕೇಳುತ್ತೇವೆ, ಮದುವೆಗೆ ಕೇಳುತ್ತೇವೆ. ಮಗುವನ್ನು ಸಮುದ್ರ ದಾಟಿಸಿ ಕರೆದೊಯ್ಯಲು ನಾನು ಕೇಳಿದ್ದು ವಿಮಾನ ಕಂಪನಿಯ ಕ್ಯಾಲೆಂಡರನ್ನು ಮಾತ್ರ. ಪ್ರಸಾದದ ಮಾತು ಮರೆತೇಹೋಗಿತ್ತು.

"ಈಗ ಕೇಳಿದ್ರೆ ಆಗೂದಿಲ್ವಾ?" ಎಂದೆ.

"ಕೇಳ್ತೆ. ಮಂಗಳವಾರ ಹೋಗ್ತೆ" ಎಂದಳು.

ಮಂಗಳವಾರ ಎಡಗಡೆಯದು ಬಿತ್ತು. ಮತ್ತೊಮ್ಮೆ, ಸುಗ್ಗಿ ಮುಗಿದ ಮೇಲೆ ಆದೀತೇ ಎಂದು ಕೇಳಿದ್ದಕ್ಕೆ ಬಲಗಡೆ ಕೊಟ್ಟಳಂತೆ ದೇವಿ. ಸುಗ್ಗಿ ಅಂದರೆ ಹೋಳಿಯ ಸಮಯದ ನಮ್ಮ ಹಬ್ಬ, ತಲೆಗೆ ತುರಾಯಿ ಕಟ್ಟಿ ಮನೆಮನೆಗೆ ಕುಣಿದುಕೊಂಡು ಬರುತ್ತಾರೆ. ಅಂದರೆ ಮಾರ್ಚ್ ದಾಟಬೇಕು.

ಇವರಿಗೆ ಹೇಳಿದಾಗ ಕೈಯಲ್ಲಿದ್ದ ತಟ್ಟೆಯನ್ನು ಠಣ್ಣೆಂದು ಇಟ್ಟರು. "ಸೀಟು ಯಾವಾಗ ಖಾಲಿ ಅದೆ ಅಂತ ದೇವಿಗೆ ಎಂತ ಗೊತ್ತು? ನಿಮ್ಮ ಅಂಕೋಲೆಯವ್ರದ್ದು ಯಾವತ್ತೂ ಇದೇ!"

"ಹಬ್ಬುವಾಡದ ಮನೆಯಲ್ಲಿ ಬಾವಿ ತೆಗೆಯೂಕೆ ನೀವು ಕೇಳ್ಲಿಲ್ವಾ? ನಾನೇ ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ದೆ."

ಅವರು ತಟ್ಟೆಯನ್ನು ಮತ್ತೆ ಎತ್ತಿಕೊಂಡರು. ಬಾವಿಯಲ್ಲಿ ನೀರು ಬಂದಿತ್ತಲ್ಲ.

ದಿನಾಂಕ ಬದಲಿಸದೆ ಹೋಗಿಬಿಡಬಹುದಿತ್ತು. ಇಲ್ಲಿಯವರು ಯಾರಿಗೆ ಹೇಳಿದರೂ ಹಾಗೇ ಅನ್ನುತ್ತಾರೆ, ಲೂಜ್ ಒಬ್ಬಳನ್ನು ಬಿಟ್ಟು. ಅವಳು ತನ್ನ ಊರಿನ ಮಾತೆ ಮೇರಿಯನ್ನು ಕೇಳದೆ ಹಲ್ಲನ್ನೂ ಕೀಳಿಸುವುದಿಲ್ಲವಂತೆ. ನನಗೆ ಧೈರ್ಯ ಬರಲಿಲ್ಲ. ನಾಳೆ ಹಿಮದಲ್ಲಿ ಮಗುವಿಗೆ ಒಂದು ಜ್ವರ ಬಂದರೂ ನನಗೆ ಆ ಎಡಗಡೆಯ ಮೊಗ್ಗು ನೆನಪಾಗುತ್ತದೆ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಆ ಮಂಗಳವಾರ ಅಕ್ಕ ಮನಸ್ಸಿನಲ್ಲಿ ಏನು ಬೇಡಿಕೊಂಡು ನಿಂತಿದ್ದಳೋ ಎಂದು ನನಗೆ ಅನುಮಾನ ಬಂತು. ಎರಡು ವರ್ಷ ತಲೆ ಬಾಚಿ, ಜಡೆ ಹಾಕಿ, ಶಾಲೆಗೆ ಬಿಟ್ಟು ಬಂದವಳು. ಇನ್ನೊಂದು ಸುಗ್ಗಿ ಮಗುವಿನ ಜೊತೆ ಬೇಕೆಂದು ಅವಳಿಗೆ ಅನ್ನಿಸಿದ್ದರೆ ತಪ್ಪೇನು?

ಟಿಕೀಟು ರದ್ದು ಮಾಡಿದೆವು. ರದ್ದು ಮಾಡಿದ್ದಕ್ಕೆ ಶುಲ್ಕ ಕಿತ್ತುಕೊಂಡು ಪಾಯಿಂಟು ವಾಪಸು ಕೊಟ್ಟರು. ಆದರೆ ಏಪ್ರಿಲ್‌ಗೆ ನೋಡಿದರೆ ಅದೇ ಸೀಟಿಗೆ ಮೊದಲಿಗಿಂತ ಎಷ್ಟೋ ಹೆಚ್ಚು ಪಾಯಿಂಟು ಬೇಕಂತೆ. ನನ್ನಲ್ಲಿದ್ದದ್ದು ನಾನು ಹೋಗಿಬರಲು ಸರಿಹೋಯಿತು, ಮಗಳಿಗೆ ಇಲ್ಲ. ಮತ್ತೆ ಕುರ್ಚಿ, ಮತ್ತೆ ಲ್ಯಾಪ್‌ಟಾಪು. ಈ ಸಲ ಕೆಂಪು ಕಾರ್ಡನ್ನು ಇವರ ಹೆಸರಿಗೆ ತೆಗೆದೆವು. ಆದರೆ ಕಾರಿನ ವಿಮೆ ಕಟ್ಟಿಯಾಗಿತ್ತು, ಟೈರು ಹಾಕಿಯಾಗಿತ್ತು, ಮಾಡಲೇಬೇಕಾದ ಖರ್ಚು ಎಲ್ಲಿಂದ ತರುವುದು? ಅಕ್ಕಿ, ತರಕಾರಿ, ಪೆಟ್ರೋಲು ಎಂದು ಚೂರುಚೂರಾಗಿ ಗಡಿಯ ಕಡೆ ತೆವಳಿದೆವು. ದೊಡ್ಡ ಖರ್ಚು ಮುಂದಿರುವಾಗ ಮಾತ್ರ ಕಾರ್ಡು ತೆಗೆಯಬೇಕು ಎಂದು ಲೂಜ್ ಮೊದಲೇ ಹೇಳಿದ್ದಳು, ಏನು ಮಾಡುವುದು. ಹಿಮದ ನಡುವೆ ಕೆಲಸದಿಂದ ಬಂದು, ಕೈಗವಸು ಬಿಚ್ಚುವ ಮೊದಲೇ ಇವರು ಕಾರ್ಡಿನ ಮೇಲೆ ಎಷ್ಟಾಯಿತೆಂದು ನೋಡುತ್ತಿದ್ದರು. ಅವರ ಮುಖ ನೋಡಿದರೆ ನನಗೆ ಅಳು ಬರುತ್ತಿತ್ತು. ಮಗಳನ್ನು ನೋಡದೆ ಅವರು ಸೋತು ಸೊಪ್ಪಾಗಿದ್ದರು.

ಕಡೆಗೂ ಗಡಿ ಮುಟ್ಟಿತು, ಬೋನಸ್ಸು ಬಂತು, ಏಪ್ರಿಲ್ ಮೊದಲ ವಾರದ ಟಿಕೀಟು ಆಯಿತು. ಭಾವಿಕೇರಿಗೆ ವಿಡಿಯೋ ಕರೆ ಮಾಡಿದೆವು. ಅಕ್ಕ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಮಾನಸಿ ಫೋನನ್ನು ಮೂಗಿನ ಹತ್ತಿರವೇ ಹಿಡಿದಿದ್ದಳು, ನಮಗೆ ಅವಳ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಆಯೀ, ನಿನ್ನ ಟಿಕೀಟು ಆಯ್ತಾ?"

"ಆಯ್ತು ಮಗಾ. ಬರೂದಕ್ಕೂ ಆಯ್ತು, ತಿರುಗಿ ಹೋಗೂದಕ್ಕೂ ಆಯ್ತು."

"ಮತ್ತೆ ನಂದು?"

"ನಿಂದು ನನ್ನ ಸಂಗ್ತಿಗೆ ಇಲ್ಲಿಗೆ ಬರೂದು. ಅಪ್ಪ ತೆಗೆದಿದ್ದಾರೆ."

"ಅಷ್ಟೇಯಾ?" ಫೋನು ಸ್ವಲ್ಪ ಹಿಂದೆ ಸರಿದು ಪೂರ್ತಿ ಮುಖ ಕಂಡಿತು. "ಹಂಗಾರೆ ನಾ ತಿರುಗಿ ಮನೆಗೆ ಹೆಂಗೆ ಬರೂದು?"

ಹಿಂದೆ ಕಾಯಿ ತುರಿಯುವ ಸದ್ದು ನಿಂತಿತು. ಇವರು ಫೋನನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದರು. ಆಮೇಲೆ ಅಕ್ಕನೇ, "ಮೊದಲು ಹೋಗೇ, ಆಯಿ ಕಳಿಸ್ತಾಳೆ" ಎಂದಳು.

ಮರುದಿನ ಕೆಲಸದ ಬಿಡುವಿನಲ್ಲಿ ನಾನು ಫೋನಿನಲ್ಲಿ ಇನ್ನೊಂದು ಬ್ಯಾಂಕಿನ ಕಾರ್ಡು ನೋಡುತ್ತ ಕೂತಿದ್ದೆ. ಲೂಜ್ ಬಗ್ಗಿ ನೋಡಿದಳು. "ಇದೇನು, ಟಿಕೀಟು ಆಯ್ತು ಅಂದೆಯಲ್ಲ? ಈ ಸಲ ಯಾರಿಗೆ?"

"ಮಗಳನ್ನು ಊರಿಗೆ ಕಳಿಸಲು."

"ಅವಳಿನ್ನೂ ಇಲ್ಲಿಗೆ ಬಂದೇ ಇಲ್ಲ!"

"ಹೌದು" ಎಂದೆ. "ಬೋನಸ್ಸು ಬರಲು ತಿಂಗಳುಗಟ್ಟಲೆ ಬೇಕಲ್ಲ."