ಸಾಲಿನ ಕೊನೆಯ ಚುಕ್ಕಿ

ಬ್ರೈಲ್ ಮುದ್ರಣಾಲಯದಲ್ಲಿ ಅವಳನ್ನು ಎಲ್ಲರೂ ಚುಕ್ಕಿಯಮ್ಮ ಎಂದೇ ಕರೆಯುತ್ತಿದ್ದರು. ಕಾಗದದ ಮೇಲೆ ಚುಕ್ಕಿ ಒತ್ತುವ ಯಂತ್ರ, ಅದನ್ನು ನಡೆಸುವ ಕಂಪ್ಯೂಟರು ಎರಡೂ ಇಪ್ಪತ್ತು ವರ್ಷದಿಂದ ಅವಳ ಸುಪರ್ದಿನಲ್ಲಿದ್ದವು. ಹೋದ ತಿಂಗಳು ಹಳೆಯ ಕಂಪ್ಯೂಟರು ಕಣ್ಣು ಮುಚ್ಚಿತು. ಹೊಸದರ ಆಪರೇಟಿಂಗ್ ಸಿಸ್ಟಮ್ ಬೇರೆ. ಯಂತ್ರ ನಡೆಸುವ ತಂತ್ರಾಂಶ, ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆಲ್ಲ ಬಿಟ್ಟುಕೊಟ್ಟದ್ದು, ಅದರಲ್ಲಿ ಹಾಗೇ ಓಡುವುದಿಲ್ಲ. ಬರೆದದ್ದನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಹೊಸ ಕಂಪೈಲರಿನ ಕೈಯಲ್ಲಿ ಮತ್ತೆ ಕಟ್ಟಿಸಬೇಕು. ಆ ಕಂಪೈಲರೋ ಮಹಾ ತಕರಾರಿನದು. ಒಂದು ಕಡತದ ಹತ್ತಿರ ಎಚ್ಚರಿಕೆಯ ಮೇಲೆ ಎಚ್ಚರಿಕೆ ಕಾರಿ ನಿಂತುಬಿಟ್ಟಿತು. ಮೂರು ದಿನ ತಲೆ ಕೆರೆದುಕೊಂಡ ಚುಕ್ಕಿಯಮ್ಮ ಎಲ್ಲೋ ಓದಿದ ಒಂದು ಆಯ್ಕೆ ಹಾಕಿ ಅದರ ಬಾಯಿ ಮುಚ್ಚಿಸಿದಳು. ಯಂತ್ರ ಓಡಿತು. ಅವಳು ಬೀಗಿದಳು ಕೂಡ.

ಅದಾದ ವಾರಕ್ಕೇ ಅಂಧ ಮಕ್ಕಳ ಶಾಲೆಯ ಗಣಿತ ಪರೀಕ್ಷೆ. ಹನ್ನೊಂದು ಮಕ್ಕಳೂ ಆರು ಲೆಕ್ಕಗಳಿಗೆ ಒಂದೇ ಥರದ ತಪ್ಪು ಉತ್ತರ ಬರೆದರು. ನಕಲು ಎಂದರು ಮೇಷ್ಟ್ರು. ಪತ್ರಿಕೆಯಲ್ಲೇ ಹಾಗಿತ್ತು ಎಂದು ಮಕ್ಕಳು ಅತ್ತವು. ಶಾಲೆಯಿಂದ ಫೋನ್ ಬಂದಾಗ ಚುಕ್ಕಿಯಮ್ಮ ಪರದೆಯ ಮೇಲೆ ಕಡತ ತೆರೆದು ನೋಡಿ, “ನಮ್ಮಲ್ಲಿ ತಪ್ಪಿಲ್ಲ” ಎಂದು ಎದೆ ತಟ್ಟಿ ಹೇಳಿದ್ದಳು. ಇವತ್ತು ಎರಡು ಗಂಟೆಗೆ ಬಿಗಿ ಕಾವಲಿನಲ್ಲಿ ಮರುಪರೀಕ್ಷೆ. ಈ ಸಲವೂ ಹಾಗೇ ಆದರೆ ಮಕ್ಕಳು ಶಾಲೆಯಿಂದ ಹೊರಗೆ. ಪತ್ರಿಕೆ ಒಯ್ಯುವ ವ್ಯಾನು ಒಂದು ಗಂಟೆಗೆ ಹೊರಡಬೇಕು.

ಕರಡು ತಿದ್ದುವವರು ಅವಳ ಗಂಡನ ಅಕ್ಕ. ಹುಟ್ಟಿನಿಂದ ಕಣ್ಣಿಲ್ಲ, ನಾಲಿಗೆಗೆ ಮಾತ್ರ ಲಗಾಮಿಲ್ಲ. ಟೈಫಾಯ್ಡ್ ಆಗಿ ತಿಂಗಳು ಮಲಗಿದ್ದವರು ಇವತ್ತೇ ಕೆಲಸಕ್ಕೆ ಬಂದಿದ್ದರು. ಹನ್ನೊಂದೂವರೆಗೆ ಅವರ ಬೆರಳು ಮರುಪರೀಕ್ಷೆಯ ಪತ್ರಿಕೆಯ ಒಂದು ಸಾಲಿನ ಕೊನೆಯಲ್ಲಿ ನಿಂತಿತು.

“ಇಲ್ಲಿ ಎಷ್ಟಿರಬೇಕು?”

“ಇಪ್ಪತ್ನಾಲ್ಕು, ಅತ್ತಿಗೆ.”

“ಇಪ್ಪತ್ಮೂರು ಇದೆ. ನಾಲ್ಕರಲ್ಲಿ ಒಂದು ಚುಕ್ಕಿ ಹಾರಿಹೋಗಿ ಮೂರಾಗಿ ಕೂತಿದೆ. ಮುಂದಿನ ಸಾಲಲ್ಲಿ ಏಳು ಹೋಗಿ ಆರಾಗಿದೆ. ಕಣ್ಣಿದ್ದೋರು ಏನು ನೋಡಿದ್ರಿ?”

ಚುಕ್ಕಿಯಮ್ಮ ಪರದೆ ನೋಡಿದ್ದಳು. ಕಾಗದ ಮುಟ್ಟಿರಲಿಲ್ಲ. ಕಪಾಟಿನಿಂದ ಹೋದ ತಿಂಗಳ ಪತ್ರಿಕೆ ತೆಗೆದು ಅತ್ತಿಗೆಯ ಕೈಗಿಟ್ಟಳು. ಆರು ಸಾಲು, ಆರೂ ಕಡೆ ಕೊನೆಯ ಅಂಕಿ ತಪ್ಪು. ಅತ್ತಿಗೆ ಪತ್ರಿಕೆಯನ್ನು ಅವಳ ಕೈಗೇ ವಾಪಸ್ಸು ಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಹನ್ನೆರಡು ಹೊಡೆಯಿತು. ಸಾಲಿನ ಕೊನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ತಂತ್ರಾಂಶದೊಳಗೆ ‘ಈಗಿನ ಅಂಕಿ ತೋರಿಸು’ ಎಂಬ ಒಂದು ಸಾಲು ಸೇರಿಸಿ ಮತ್ತೆ ಕಟ್ಟಿದಳು. ಚುಕ್ಕಿ ಸರಿಯಾಗಿ ಬಿತ್ತು! ಆ ಸಾಲು ತೆಗೆದಳು, ಚುಕ್ಕಿ ಮಾಯ. ಇದೆಂಥ ದೆವ್ವದ ಆಟ ಎಂದು ಅಳುವಂತಾಯಿತು. ಬಾಯಿ ಮುಚ್ಚಿಸಿದ್ದ ಆಯ್ಕೆಯನ್ನು ಕಿತ್ತುಹಾಕಿ, ಕಂಪೈಲರಿನ ತಕರಾರನ್ನು ಮೊದಲ ಸಲ ಪೂರ್ತಿ ಓದಿದಳು. ಅದು ಬೊಟ್ಟು ಮಾಡಿದ್ದೂ ಚುಕ್ಕಿಸಾಲಿನ ಕೊನೆ ಒತ್ತುವ ಜಾಗವನ್ನೇ. ವೇಗದ ಆಸೆಗೆ ತಾನು ಅಲ್ಲೊಂದು ಹೆಜ್ಜೆ ಹಾರಿಸಬಹುದು ಎಂದು ಅದು ಆವತ್ತೇ ಹೇಳಿತ್ತು. ಸರಿಯಾದ ಮದ್ದಿಗೆ ಹೊತ್ತಿರಲಿಲ್ಲ. ಆ ಒಂದು ಕಡತಕ್ಕೆ ಮಾತ್ರ ವೇಗದ ಕಸರತ್ತೆಲ್ಲ ಬೇಡವೆಂದು ಆಜ್ಞೆ ಬರೆದು ಕಟ್ಟಿದಳು. ಯಂತ್ರ ಕುಂಟುತ್ತ ಒತ್ತಿತು. ಹೊರಗೆ ವ್ಯಾನು ಹಾರನ್ ಹೊಡೆಯುತ್ತಲೇ ಇತ್ತು. ಅತ್ತಿಗೆ ಹನ್ನೊಂದು ಪ್ರತಿಯನ್ನೂ ಬೆರಳಾಡಿಸಿ ಓದಿ ತಲೆಯಾಡಿಸಿದಾಗ ಒಂದೂ ಹತ್ತು.

“ಸದ್ಯ, ಮಕ್ಕಳು ಬಚಾವ್” ಎಂದಳು ಚುಕ್ಕಿಯಮ್ಮ.

“ಏನು ಬಚಾವು? ಇವತ್ತು ಎಲ್ಲಾ ಸರಿ ಬರೀತಾವೆ. ಆಗ ಮೇಷ್ಟ್ರು ಏನಂತಾರೆ? ಕಾವಲಿಟ್ಟ ಮೇಲೆ ಸರಿ ಬರೆದ್ರಲ್ಲ, ಹೋದ ಸಲದ್ದು ನಕಲೇ ಅಂತಾರೆ.”

ಇಪ್ಪತ್ತು ವರ್ಷದಲ್ಲಿ ಚುಕ್ಕಿಯಮ್ಮನ ಕೆಲಸದಲ್ಲಿ ತಪ್ಪು ಹುಡುಕಿದವರಿರಲಿಲ್ಲ. ಹಳೆಯ ಪತ್ರಿಕೆಯನ್ನೂ ಕಂಕುಳಿಗೆ ಸೇರಿಸಿ, ಅತ್ತಿಗೆಯ ಕೈ ಹಿಡಿದು ವ್ಯಾನು ಹತ್ತಿದಳು.

ಪರೀಕ್ಷೆಯ ಕೋಣೆಯಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿದ್ದರು. ಮೇಷ್ಟ್ರ ಎದುರೇ, ಎಲ್ಲರಿಗೂ ಕೇಳುವಂತೆ ಅವಳು ಹೇಳಿದಳು: “ಹೋದ ಸಲ ನಿಮ್ಮ ಪತ್ರಿಕೆ ತಪ್ಪಿತ್ತು. ತಪ್ಪು ಮಾಡಿದೋಳು ನಾನು. ನೀವ್ಯಾರೂ ನಕಲು ಮಾಡಿಲ್ಲ.”

ಮೇಷ್ಟ್ರು ಹಳೆಯ ಪತ್ರಿಕೆಗೆ ಕೈ ಚಾಚಿದರು. ಕಿಟಕಿಯ ಪಕ್ಕದ ಪುಟ್ಟ ಹುಡುಗಿ ಮಡಿಲಲ್ಲಿ ಮುಚ್ಚಿಟ್ಟಿದ್ದ ಎರಡೂ ಕೈಗಳನ್ನು ನಿಧಾನಕ್ಕೆ ಮೇಜಿನ ಮೇಲೆ ತಂದಿಟ್ಟಳು.

“ಹಾಗಾದ್ರೆ,” ಎಂದಳು, “ನನ್ನ ಬೆರಳು ಕೆಟ್ಟಿಲ್ವಾ?”