ಅಂಜನಾ ಅರ್ಧಕ್ಕೆ ಬಿಟ್ಟ ಸಾಲು

ಕಲಬುರಗಿಯ ಒಂದು ಖಾಸಗಿ ಕಾಲೇಜಿನಲ್ಲಿ ಭುವನೇಶ್ವರಿ ಲ್ಯಾಬ್ ಅಟೆಂಡರ್. ಬೆಳಿಗ್ಗೆ ಒಂಬತ್ತೂವರೆಗೆ ಬ್ರಹ್ಮಪುರದ ಮನೆಯಿಂದ ನಡೆದು ಬಂದು ಬೀಗ ತೆಗೆಯುವುದು, ನಲವತ್ತು ಕಂಪ್ಯೂಟರುಗಳ ಧೂಳು ಒರೆಸುವುದು, ಹಾಜರಿ ಪುಸ್ತಕ ಮೇಜಿನ ಮೇಲಿಡುವುದು, ಸಂಜೆ ಎಲ್ಲ ಆರಿಸಿ ಮತ್ತೆ ಬೀಗ ಹಾಕುವುದು. ಹದಿನಾಲ್ಕು ವರ್ಷ ಇದೇ ಕೆಲಸ. ತಂದೆ ತೀರಿಕೊಂಡಾಗ ಡಿಗ್ರಿಯನ್ನು ಎರಡನೇ ವರ್ಷಕ್ಕೆ ಬಿಟ್ಟವಳು, ಮತ್ತೆ ಕಾಲೇಜಿನ ಬೆಂಚಿನ ಮೇಲೆ ಕೂತಿರಲಿಲ್ಲ. ಆದರೆ ಲ್ಯಾಬಿನ ಹಿಂದಿನ ಸ್ಟೂಲಿನ ಮೇಲೆ ಕೂತು ಜಾವಾ ಎಂಬ ಕಂಪ್ಯೂಟರ್ ಭಾಷೆಯ ಅದೇ ಪಾಠವನ್ನು ವರ್ಷವರ್ಷವೂ ಕೇಳುತ್ತಿದ್ದಳು. ಹುಡುಗರು ಊಟಕ್ಕೆ ಹೋದಾಗ ಖಾಲಿ ಕಂಪ್ಯೂಟರಿನ ಮುಂದೆ ಕೂತು ಬರೆದು ನೋಡುತ್ತಿದ್ದಳು. ತಪ್ಪಾದರೆ ಅಳಿಸುತ್ತಿದ್ದಳು, ಸರಿಯಾದರೂ ಅಳಿಸುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

ಆ ಲ್ಯಾಬಿನಲ್ಲಿ ಕಲಿಸುತ್ತಿದ್ದುದು ಬ್ಲೂಜೆ ಎಂಬ, ಹೊಸಬರಿಗಾಗಿಯೇ ಮಾಡಿದ ತಂತ್ರಾಂಶದಲ್ಲಿ. ಬರೆದ ಪ್ರೋಗ್ರಾಮು ಪರದೆಯ ಮೇಲೆ ಡಬ್ಬಿಗಳಾಗಿ ಕಾಣುತ್ತದೆ. ಡಬ್ಬಿಯ ಮೇಲೆ ಒತ್ತಿದರೆ, ಯಾವ ಸಂಖ್ಯೆ ಕೊಡುತ್ತೀರಿ ಎಂದು ಅದೇ ಕೇಳುತ್ತದೆ. ಕೊಟ್ಟರೆ ಉತ್ತರ ತೋರಿಸುತ್ತದೆ. ನಡೆಯಲು ಕಲಿಯುವ ಮಗುವಿನ ಕೈ ಹಿಡಿದ ಹಾಗೆ.

ಈ ವರ್ಷ ಬೇಸಿಗೆಯಲ್ಲಿ ಹೊಸ ವಿಭಾಗ ಮುಖ್ಯಸ್ಥೆ ಅಫ್ಶೀನ್ ಮೇಡಂ ಬಂದರು. ಕೆಲಸಕ್ಕೆ ಹೋಗುವ ಮಕ್ಕಳು ಕಂಪನಿಗಳಲ್ಲಿ ಬಳಸುವ ಎಕ್ಲಿಪ್ಸ್ ಎಂಬ ತಂತ್ರಾಂಶದಲ್ಲೇ ಕಲಿಯಲಿ ಎಂದು ತೀರ್ಮಾನಿಸಿದರು. ಹಳೆಯ ಕಂಪ್ಯೂಟರುಗಳು ಹೋಗುವುದಿತ್ತು. ಅವುಗಳಲ್ಲಿ ಹಿಂದಿನ ವಿದ್ಯಾರ್ಥಿಗಳ ಅರವತ್ತಮೂರು ಪ್ರೋಗ್ರಾಮುಗಳಿದ್ದವು. ಅವನ್ನು ಎಕ್ಲಿಪ್ಸಿಗೆ ಸಾಗಿಸಿ ಮಾದರಿಗೆ ಇಟ್ಟುಕೊಳ್ಳೋಣ ಎಂದರು. ಒಬ್ಬ ಉಪನ್ಯಾಸಕರು ಫೋಲ್ಡರುಗಳನ್ನು ಹಾಗೇ ನಕಲು ಮಾಡಿ ಹಾಕಿದರು. ಒಂದೂ ಓಡಲಿಲ್ಲ.

ಮೇಡಂ ಪರದೆ ನೋಡುತ್ತಾ ಕೂತಿದ್ದರು. ಕಿಟಕಿ ಮುಚ್ಚಲು ಬಂದ ಭುವನೇಶ್ವರಿ ಮೆಲ್ಲಗೆ ಅಂದಳು:

"ಮೇಡಂ, ಇವಕ್ಕ ಮೇನ್ ಇಲ್ರಿ."

"ಏನಂದ್ರಿ?"

"ಬ್ಲೂಜೆದಾಗ ನಾವು ಕೈಲೆ ಒತ್ತತಿದ್ದಿವ್ರಿ, ಅದಕ್ಕ ನಡೀತಿತ್ತು. ಇದಕ್ಕ ಎಲ್ಲಿಂದ ಚಾಲೂ ಮಾಡಬೇಕಂತ ಮೇನ್‌ದಾಗ ಮೊದಲೇ ಬರದು ಕೊಡಬೇಕಾಗ್ತದ್ರಿ. ಕೈಲೆ ಕೊಡೋ ಸಂಖ್ಯೆನೂ ಅಲ್ಲೇ ಬರೀಬೇಕು."

ಅಫ್ಶೀನ್ ಮೇಡಂ ತಾವು ಕೂತಿದ್ದ ಕುರ್ಚಿ ಬಿಟ್ಟು ಎದ್ದರು. "ಕುಂದರ್ರಿ ಭುವನಕ್ಕ. ಒಂದು ಮಾಡಿ ತೋರಿಸ್ರಿ."

ಹೀಗೆ ಆ ಕೆಲಸ ಅವಳ ಪಾಲಿಗೆ ಬಂತು. ದಿನಕ್ಕೆ ಆರೇಳು ಪ್ರೋಗ್ರಾಮು. ಪ್ರತಿಯೊಂದಕ್ಕೂ ಅದರದೇ ಜಾಗ ಮಾಡಿ, ಮೇನ್ ಬರೆದು, ಓಡಿಸಿ ನೋಡಿ ಮುಂದಕ್ಕೆ ಹೋಗುತ್ತಿದ್ದಳು. ಓಡದಿದ್ದರೆ ಬಿಟ್ಟುಬಿಡಿ ಎಂದು ಮೇಡಂ ಹೇಳಿದ್ದರು.

ಒಂಬತ್ತನೆಯ ದಿನ ತೆರೆದ ಫೋಲ್ಡರಿನ ಮೇಲೆ ಅಂಜನಾ ಎಂದಿತ್ತು.

ಅಂಜನಾ ಕಮಲಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗಿ. ಎರಡು ವರ್ಷದ ಹಿಂದೆ ಕಾಮಾಲೆ ಹತ್ತಿ, ಹದಿನೈದು ದಿನದಲ್ಲಿ ಹೋಗಿಬಿಟ್ಟಿದ್ದಳು. ಲ್ಯಾಬಿಗೆ ಬಂದ ಕೊನೆಯ ದಿನ ಹಿಂದಿನ ಸ್ಟೂಲಿನ ತನಕ ನಡೆದು ಬಂದು, "ಅಕ್ಕೋರೆ, ಇಲ್ಲಿ ಏನ್ ತಪ್ಪಾಗ್ಯಾದ ಒಂದೀಟು ನೋಡ್ರಲ್ಲ" ಎಂದಿದ್ದಳು. ಭುವನೇಶ್ವರಿಗೆ ತಪ್ಪು ದೂರದಿಂದಲೇ ಕಂಡಿತ್ತು. ಆದರೂ, "ನಾ ಟೀಚರ್ ಅಲ್ಲವ್ವ, ಸರ್ ಬಂದ ಮ್ಯಾಲ ಕೇಳು" ಎಂದು ಕಳಿಸಿದ್ದಳು. ಅಟೆಂಡರ್ ಪಾಠ ಹೇಳಿದಳೆಂದು ಯಾರಾದರೂ ಅಂದಾರು ಎಂಬ ಅಂಜಿಕೆ. ಸರ್ ಆ ದಿನ ಬರಲಿಲ್ಲ. ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಪ್ರೋಗ್ರಾಮು ಬಾಳೆಯದು. ಕಮಲಾಪುರದ ಕೆಂಪು ಬಾಳೆಗೆ ಹೂವು ಬಿಟ್ಟ ದಿನಾಂಕ ಕೊಟ್ಟರೆ ಗೊನೆ ಎಂದು ಬಲಿಯುತ್ತದೆ ಎಂದು ಹೇಳಬೇಕು. ಅಂದಿನ ತಪ್ಪು ಹಾಗೇ ಇತ್ತು: ಒಂದು ಆವರಣ ಚಿಹ್ನೆ ಮುಚ್ಚಿರಲಿಲ್ಲ, ಅಷ್ಟೆ. ಅದನ್ನು ಮುಚ್ಚಿ ಮೇನ್ ಬರೆಯಲು ಹೋದಾಗ ಇನ್ನೊಂದು ಸಾಲು ಕಂಡಿತು. ಬಲಿಯಲು ಬೇಕಾದ ದಿನಗಳು ಎಂಬಲ್ಲಿ ಸೊನ್ನೆ ಇತ್ತು. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ ಕನ್ನಡ: ಅವ್ವಗ ಕೇಳಬೇಕು.

ಯಾವುದೋ ಒಂದು ಸಂಖ್ಯೆ ಹಾಕಿದ್ದರೆ ಪ್ರೋಗ್ರಾಮು ಏನೋ ಒಂದು ದಿನಾಂಕ ತೋರಿಸುತ್ತಿತ್ತು. ಬಿಟ್ಟಿದ್ದರೂ ಕೇಳುವವರಿರಲಿಲ್ಲ. ಭುವನೇಶ್ವರಿ ಎರಡನ್ನೂ ಮಾಡಲಿಲ್ಲ. ಎದ್ದು ಮೇಡಂ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು, ಆ ದಿನ ಹುಡುಗಿಯನ್ನು ವಾಪಸು ಕಳಿಸಿದ್ದನ್ನೂ. ಮೇಡಂ ಆ ಪ್ರೋಗ್ರಾಮು ಹಾಕಿದ ತಮ್ಮ ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟು ಕೊಟ್ಟರು. "ಹೋಗಿ ಬರ್ರಿ. ನಾಳೆ ಲ್ಯಾಬ್ ನಾ ತೆಗೀತೀನಿ."

ಕಾರಹುಣ್ಣಿಮೆ ಮುಗಿದ ವಾರ. ಹುಮನಾಬಾದಿನ ಬಸ್ಸು ಹಿಡಿದು ಕಮಲಾಪುರದಲ್ಲಿ ಇಳಿದು, ಕೇಳಿಕೊಂಡು ತೋಟಕ್ಕೆ ಹೋದಳು. ಅಂಜನಾಳ ತಾಯಿ ಚಂದಮ್ಮ ಬಾಳೆಯ ಒಣ ಎಲೆ ಕೊಯ್ಯುತ್ತಿದ್ದಳು. ಕಾಲೇಜಿನವಳೆಂದು ತಿಳಿದು ಕುಡುಗೋಲು ಕೆಳಗಿಟ್ಟಳು.

"ಈಗ್ಯಾಕ ಬಂದ್ರಿ ಅಕ್ಕೋರೆ? ಆಕಿದು ಏನರ ಉಳದದೇನು ಅಲ್ಲಿ?"

"ಒಂದು ಉಳದದ್ರಿ ಅಕ್ಕಾರ. ನಿಮಗ ಕೇಳಬೇಕಂತ ಬರದಿಟ್ಟಾಳ. ಕೇಳಾಕ ಬಂದೀನಿ."

ಭುವನೇಶ್ವರಿ ವಿಷಯ ಹೇಳಿದಳು. ಚಂದಮ್ಮ ಬಾಳೆಯ ದಿಂಡಿನ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ನಿಧಾನಕ್ಕೆ ಅಂದಳು: "ಕೇಳಿದ್ಳು ಒಮ್ಮೆ. ಎಷ್ಟು ದಿನ ಬೇಕವ್ವಾ ಅಂತ. ನಾ ಕೆಲಸದಾಗಿದ್ದೆ. ಆಮ್ಯಾಲ ಹೇಳ್ತೀನಿ ಅಂದೆ."

ಭುವನೇಶ್ವರಿ ತಾನೂ ಹಾಗೇ ಕಳಿಸಿದ್ದನ್ನು ಹೇಳಿದಳು. ಇಬ್ಬರೂ ಬದುವಿನ ಮೇಲೆ ಕೂತರು.

"ಒಂದ ಸಂಖ್ಯೆ ಹೇಳಾಕ ಬರಂಗಿಲ್ರಿ," ಎಂದಳು ಚಂದಮ್ಮ ಕಣ್ಣೊರೆಸಿಕೊಂಡು. "ಈಗಿನ ಹೂವಿಗಾದರ ನಾಕು ತಿಂಗಳು. ದೀಪಾವಳಿ ದಾಟಿ ಬಿಟ್ಟ ಹೂವಿಗೆ ಚಳಿ ಹಿಡೀತದ, ಇನ್ನ ಇಪ್ಪತ್ತು ದಿನ ಜಾಸ್ತಿ ಬೇಕು."

ಹಾಗಾದರೆ ಅಂಜನಾ ಬರೆದದ್ದು ಸಾಲದು, ಹೊಸ ಸಾಲು ಸೇರಿಸಬೇಕು. ಭುವನೇಶ್ವರಿ ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ಹುಡುಕಿದಳು. "ಆಕಿ ಬರದದ್ದು ತಿದ್ದಾಕ ಕೈ ಬರವಲ್ದ್ರಿ ನನಗ."

"ಆಕಿ ಇದ್ದಿದ್ರ ತಿದ್ದತಿದ್ದಿಲ್ಲೇನು? ತಿದ್ದ್ರಿ."

ತಿದ್ದಿದಳು. ಚಂದಮ್ಮ ಕಾರಹುಣ್ಣಿಮೆಯ ಮರುದಿನ ಹೂವು ಬಿಟ್ಟ ಗಿಡವೊಂದನ್ನು ತೋರಿಸಿದಳು. ಆ ದಿನಾಂಕ ಹಾಕಿ ಓಡಿಸಿದಾಗ ದಸರಾ ಮುಗಿದ ಮುಂದಿನ ವಾರದ ದಿನವೊಂದು ಪರದೆಯ ಮೇಲೆ ಬಂತು. ಚಂದಮ್ಮ ನಾಗಪಂಚಮಿ, ಚವತಿ, ಮಹಾನವಮಿ ಎಂದು ಬೆರಳೆಣಿಸಿ ತಲೆಯಾಡಿಸಿದಳು. ನಂತರ ಮಗಳ ಹೆಸರು ಎಲ್ಲಿದೆ ಎಂದು ಕೇಳಿದಳು. ಭುವನೇಶ್ವರಿ ಮೊದಲ ಸಾಲು ತೋರಿಸಿದಾಗ, ಓದಲು ಬಾರದ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಆಗ ಅಳು ಒತ್ತರಿಸಿ ಬಂತು. ಭುವನೇಶ್ವರಿ ಅವಳ ಬೆನ್ನ ಮೇಲೆ ಕೈಯಿಟ್ಟು, ಅಳು ನಿಲ್ಲುವವರೆಗೂ ಕೂತಿದ್ದಳು.

ಅರವತ್ತಮೂರೂ ಪ್ರೋಗ್ರಾಮು ಹೊಸ ಕಂಪ್ಯೂಟರುಗಳಿಗೆ ಬಂದವು. ಭುವನೇಶ್ವರಿಯ ಹುದ್ದೆ ಬದಲಾಗಲಿಲ್ಲ. ಡಿಗ್ರಿಯಿಲ್ಲದೆ ಆಗುವುದಿಲ್ಲ ಎಂದು ಆಡಳಿತ ಮಂಡಳಿ ಹೇಳಿತು. ಅಫ್ಶೀನ್ ಮೇಡಂ ವಾದಿಸಿ ಸೋತರು, ಆದರೂ ಹೊಸ ಬ್ಯಾಚಿನ ಮೊದಲ ಎರಡು ವಾರದ ಲ್ಯಾಬನ್ನು ಆಕೆಯ ಕೈಗೇ ಕೊಟ್ಟರು. ಬಿಟ್ಟ ಡಿಗ್ರಿ ಮುಗಿಸಲು ದೂರಶಿಕ್ಷಣದ ಅರ್ಜಿಯನ್ನು ತಾವೇ ತಂದು ಮೇಜಿನ ಮೇಲಿಟ್ಟರು. ಮೂವತ್ತೆಂಟನೇ ವಯಸ್ಸಿನಲ್ಲಿ ಭುವನೇಶ್ವರಿ ಅದನ್ನು ತುಂಬಿದಳು.

ದಸರಾ ಕಳೆದು ಎರಡು ದಿನಕ್ಕೆ ಕಮಲಾಪುರದಿಂದ ಫೋನ್ ಬಂತು.

"ಅಕ್ಕೋರೆ, ಗೊನಿ ಇವತ್ತೇ ಕೊಯ್ದೀನಿ. ಐದು ದಿನ ಮೊದಲೇ ಬಲತು. ಈ ಸಲ ಮಳಿ ಚಲೋ ಆಗ್ಯಾದ."

"ಹಂಗಿದ್ರ ಮಳಿದೂ ಲೆಕ್ಕ ಹಿಡೀಬೇಕಾಗ್ತದ್ರಿ ಅಕ್ಕಾರ."

"ಹಿಡೀರಿ. ಇನ್ನೂ ನಾಕು ಗಿಡ ಹೂವು ಬಿಟ್ಟಾವ, ದಿನ ಹೇಳ್ತೀನಿ, ಬರಕೋರಿ."

ಭುವನೇಶ್ವರಿ ಪೆನ್ನು ಹುಡುಕಿಕೊಂಡು ಬರೆದುಕೊಳ್ಳತೊಡಗಿದಳು.