ಉಂಗುರ ಕಳಚದ ಕೈಯ ಚಿತ್ರ

ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ನಮ್ಮ ಗುರುಗಳು ಇದೇ ತಿಂಗಳು ನಿವೃತ್ತರಾಗುತ್ತಿದ್ದಾರೆಂದರೆ ರೇಡಿಯಾಲಜಿ ವಿಭಾಗದಲ್ಲಿ ಯಾರೂ ನಂಬುತ್ತಿಲ್ಲ. ಅಪರೂಪದ ಕಾಯಿಲೆಗಳ ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳು ಚಂದಾ ಕಟ್ಟಿದವರ ಸೊತ್ತಾಗಿದ್ದ ಕಾಲದಲ್ಲಿ, ಯಾವ ಮೂಲೆಯ ವೈದ್ಯರೂ ಉಚಿತವಾಗಿ ಓದಬಹುದಾದ ಅಂತರ್ಜಾಲ ಪತ್ರಿಕೆಯೊಂದನ್ನು ಕಟ್ಟಿ ಬೆಳೆಸಿದವರು ಅವರು. ‘ಅವಸರದ ಮೇಷ್ಟ್ರು’ ಎಂದು ನಾವು ವಿದ್ಯಾರ್ಥಿಗಳು ಬೆನ್ನ ಹಿಂದೆ ಕರೆಯುತ್ತಿದ್ದುದು ಅವರಿಗೂ ತಿಳಿದಿತ್ತು. ಕೋಪಿಸಿಕೊಳ್ಳಲು ಪುರುಸೊತ್ತಿರಲಿಲ್ಲ, ಅಷ್ಟೆ.

ನನ್ನ ಕಲಿಕೆಯ ದಿನಗಳಲ್ಲಿ ಊಟದ ಡಬ್ಬಿ ಮುಚ್ಚಿಟ್ಟು ಚಿತ್ರ ಓದುವುದನ್ನು ಹೇಳಿಕೊಟ್ಟವರು, ನನ್ನ ತಂದೆ ತೀರಿಕೊಂಡಾಗ ನನ್ನ ಸರದಿಯ ಕೆಲಸವನ್ನೆಲ್ಲ ತಾವೇ ಹೊತ್ತವರು. ಅಂಥವರು ಕುಗ್ಗಿದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ.

ಹೊಲಿಗೆ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ಹೆಂಗಸಿನ ಬೆರಳ ಮೂಳೆಗಳಿಗೆ ವಿರಳ ಕಾಯಿಲೆ ಬಂದಿತ್ತು. ಒಪ್ಪಿಗೆಯ ಸಹಿ ಪಡೆದು, ಹೆಸರು, ವಯಸ್ಸು ಅಳಿಸಿ, ಎಕ್ಸ್‌ರೇ ಪ್ರಕಟಿಸಿದೆವು. ಊದಿದ ಬೆರಳಿನಿಂದ ಕಳಚಲಾಗದ ಎಲೆಯಾಕಾರದ ಉಂಗುರ ಚಿತ್ರದಲ್ಲೇ ಉಳಿಯಿತು. ಮೂಳೆ ನೋಡಿ ಪಳಗಿದ ನಮ್ಮ ಕಣ್ಣಿಗೆ ಅದು ಬೀಳಲೇ ಇಲ್ಲ. ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿ ಅಂಗಡಿಯ ಮಾಲೀಕನನ್ನು ತಲುಪಿತು. ದಿನವೂ ಕಾಣುವ ಉಂಗುರವನ್ನು ಆತ ಗುರುತಿಸಿದ. ಅಂಟುರೋಗವೆಂದು ಹೆದರಿ ಆಕೆಯನ್ನು ಕೆಲಸದಿಂದ ಬಿಡಿಸಿದ.

ಆಕೆ ವಿಭಾಗಕ್ಕೆ ಬಂದು ಕೂಗಾಡಲಿಲ್ಲ. “ಹೆಸರು ಅಳಿಸಿದ್ರಿ ಸಾರ್, ನನ್ನ ಕೈ ಹಾಗೇ ಬಿಟ್ರಿ” ಎಂದರು. ಗುರುಗಳು ಆ ಕ್ಷಣವೇ ಪುಟ ತೆಗೆಸಿದರು. ಅದೇ ಚಿತ್ರ ನೋಡಿ ದೂರದ ವೈದ್ಯರೊಬ್ಬರು ತಮ್ಮ ರೋಗಿಯ ಕಾಯಿಲೆ ಪತ್ತೆಮಾಡಿದ್ದಾರೆ, ಉಂಗುರ ಮುಚ್ಚಿ ಉಳಿಸಿಕೊಳ್ಳೋಣವೆಂದು ನಾನು ಹಟ ಹಿಡಿದೆ. ಅವರು ಕಿವಿಗೇ ಹಾಕಿಕೊಳ್ಳದೆ ಮಾಲೀಕನ ಬಳಿ ಹೋಗಿ, ಇದು ಅಂಟುವ ಕಾಯಿಲೆಯಲ್ಲವೆಂದು ತಿಳಿಹೇಳಿದರು. ಆತ ತಲೆಯಾಡಿಸಿದ, ಕೆಲಸ ಮಾತ್ರ ಕೊಡಲಿಲ್ಲ.

ಅಂದಿನಿಂದ ನಮ್ಮಲ್ಲೊಂದು ಪದ್ಧತಿ ಬಂತು: ಪ್ರಕಟಣೆಗೆ ಮುನ್ನ, ರೋಗಿ ಒಪ್ಪಿದರೆ, ಹಲವು ಚಿತ್ರಗಳ ನಡುವೆ ಅವರದನ್ನೂ ಸೇರಿಸಿ ಅವರ ಮನೆಯವರಿಗೆ ತೋರಿಸುವುದು, ತಮ್ಮವರದೆಂದು ಗುರುತಿಸಿಬಿಟ್ಟರೆ ಆ ಚಿತ್ರವನ್ನು ಅಲ್ಲಿಗೇ ಕೈಬಿಡುವುದು. ಇದರಿಂದ ಎಷ್ಟೋ ಒಳ್ಳೆಯ ಲೇಖನಗಳು ಕೈತಪ್ಪಿದವು. ಅದಕ್ಕೆ ನನಗಿನ್ನೂ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದೇಕೆ.

ಕಳೆದ ವಾರ ಆಕೆ ಮತ್ತೆ ಬಂದರು. ಈಗ ಅವರದೇ ಹೊಲಿಗೆ ಅಂಗಡಿಯಿದೆ. ಬಟ್ಟೆ ಹೊಲಿಸಲು ಬಂದ ಹುಡುಗಿಯೊಬ್ಬಳ ಬೆರಳುಗಳು ಥೇಟ್ ತಮ್ಮ ಬೆರಳುಗಳ ಹಾಗೆ ಊದಿದ್ದವಂತೆ. ಎಷ್ಟು ಆಸ್ಪತ್ರೆ ಅಲೆದರೂ ಕಾಯಿಲೆ ಯಾವುದೆಂದು ಯಾರೂ ಹೇಳಿರಲಿಲ್ಲವಂತೆ. ಆ ಹುಡುಗಿಯನ್ನೂ ಕರೆತಂದಿದ್ದರು. ತಮ್ಮ ಚಿತ್ರವನ್ನು ಪತ್ರಿಕೆಯಲ್ಲಿ ಮತ್ತೆ ಹಾಕಬೇಕೆಂದು ಕೇಳಿದರು.

ಹಿಂಜರಿದವರು ಗುರುಗಳೇ. “ಯೋಚನೆ ಮಾಡಮ್ಮ. ಒಂದ್ಸಲ ಹಾಕಿದ್ರೆ ಎಲ್ಲೆಲ್ಲಿಗೆ ಹೋಗುತ್ತೋ, ನನ್ನ ಕೈಲೂ ವಾಪಸ್ ತರೋಕಾಗಲ್ಲ” ಎಂದರು.

“ಗೊತ್ತು ಸಾರ್” ಎಂದರು ಆಕೆ. “ಸಹಿ ಹಾಕಿದ ದಿನ ಗೊತ್ತಿರ್ಲಿಲ್ಲ.”

ಗುರುಗಳು ನೂರ್ಕಾಲ ಆರೋಗ್ಯದಿಂದ ಬಾಳಲಿ, ಅವರ ಅವಸರ ಎಂದೂ ತಗ್ಗದಿರಲಿ. ಅವರ ನಂತರ ಪತ್ರಿಕೆಯ ಹೊಣೆ ನನ್ನ ಹೆಗಲಿಗೆ ಬೀಳಲಿದೆಯೆಂದು ತಿಳಿದ ಮೇಲೆ ನನಗೆ ನೆಮ್ಮದಿಯಿಲ್ಲ. ಆದ್ದರಿಂದ ನಿವೃತ್ತಿಯ ಮರುದಿನವೂ ಅವರು ಎಂದಿನಂತೆ ವಿಭಾಗಕ್ಕೆ ಬರಲಿ ಎಂಬುದೇ ನನ್ನ ಪ್ರಾರ್ಥನೆ: ರೋಗಿಗಳ ಸಹಿ ಪಡೆಯುವ ಮುನ್ನ ಅವರಿಗೆ ಏನೆಂದು ಹೇಳಬೇಕೆಂಬುದು ನನಗಿನ್ನೂ ತಿಳಿದಿಲ್ಲ.